ಮೊದಲು ಏಳುವವರು ಯಾರು

ಲುವೆಯಾ ದೇಶದ ಜನಸಂಖ್ಯೆ ನಲವತ್ತೊಂದು ಸಾವಿರ. ಪುತ್ತೂರು ಪೇಟೆಯಲ್ಲಿ ಇದಕ್ಕಿಂತ ಹೆಚ್ಚು ಜನ ಇದ್ದಾರೆ. ಆದರೂ ಅದು ದೇಶ. ಅದಕ್ಕೊಂದು ಬಾವುಟ, ಒಂದು ರಾಷ್ಟ್ರಗೀತೆ, ಎರಡು ದ್ವೀಪ, ಆ ಎರಡರ ನಡುವೆ ಓಡಾಡಲು ಒಂದೇ ಒಂದು ಹಡಗು. ಜಗಳವೂ ಆ ಹಡಗಿನದೇ. ರಾತ್ರಿ ಅದು ಯಾವ ದ್ವೀಪದಲ್ಲಿ ನಿಲ್ಲಬೇಕು ಎಂದು ಶುರುವಾದ ಮಾತು ಕಲ್ಲು, ಬೆಂಕಿ, ಸುಂಕದ ಕಟ್ಟೆಯ ಬೂದಿ ಎಲ್ಲವನ್ನೂ ದಾಟಿ ಕೊನೆಗೆ ಎರಡು ಬೀಗಕ್ಕೆ ಬಂದು ನಿಂತಿತ್ತು. ಸಮುದ್ರದ ನಡುವಿನ ದಿಬ್ಬದ ಧಕ್ಕೆಯಲ್ಲಿ ಉತ್ತರದವರು ಹಡಗಿಗೆ ಸರಪಳಿ ಸುತ್ತಿ ಬೀಗ ಜಡಿದರು. ಮರುದಿನ ದಕ್ಷಿಣದವರು ಬಂದು ಅದೇ ಸರಪಳಿಗೆ ತಮ್ಮದೂ ಒಂದು ಬೀಗ ಜಡಿದರು. ನೀವು ಮೊದಲು ತೆಗೆಯಿರಿ, ಆಮೇಲೆ ನಾವು ತೆಗೆಯುತ್ತೇವೆ ಎಂದು ಇಬ್ಬರೂ ಹೇಳುತ್ತ ಹತ್ತೊಂಬತ್ತು ತಿಂಗಳು ಕಳೆದವು. ಹಡಗಿಗೆ ತುಕ್ಕು ಹಿಡಿಯಿತು. ಕಳೆದ ಮಾರ್ಚಿನಲ್ಲಿ ದಕ್ಷಿಣದ ಹೆಂಗಸೊಬ್ಬಳು ಹೆರಿಗೆಗೆಂದು ಮೀನಿನ ದೋಣಿಯಲ್ಲಿ ಉತ್ತರದ ಆಸ್ಪತ್ರೆಗೆ ಹೊರಟು, ದೋಣಿ ಮಗುಚಿ ಸತ್ತಳು. ಅದಾದ ಮೇಲೂ ಯಾರೂ ಬೀಗ ತೆಗೆಯಲಿಲ್ಲ.

ಇದನ್ನು ಬಗೆಹರಿಸಲು ಎರಡೂ ಕಡೆಯವರನ್ನು ಮಲೇಶಿಯಾಕ್ಕೆ ಕರೆಸಿದ್ದು ಪೆಟಾಲಿಂಗ್ ಜಯಾದ ಒಂದು ಸಂಧಾನ ಕಚೇರಿ. ಕಚೇರಿ ಅಂದರೆ ಎರಡು ಕೋಣೆ, ಲಿಗೋರಿ ಸರ್ ಮತ್ತು ಡೆಬೊರಾ, ಇಷ್ಟೇ. ಲಿಗೋರಿ ಸರ್ ಮಂಗಳೂರಿನ ಕುಲಶೇಖರದವರು, ಅರವತ್ತು ದಾಟಿದವರು, ಮೊದಲು ಇಪ್ಪತ್ತು ವರ್ಷ ಇಲ್ಲಿನ ಕಾರ್ಖಾನೆಗಳಲ್ಲಿ ಮಾಲೀಕರಿಗೂ ಕಾರ್ಮಿಕರಿಗೂ ರಾಜಿ ಮಾಡಿಸಿ ಹೆಸರು ಮಾಡಿದವರು. ಡೆಬೊರಾ ಕಿನ್ನಿಗೋಳಿಯವಳು, ಇಪ್ಪತ್ತೆಂಟು ವರ್ಷ. ವೀಸಾ, ವ್ಯಾನು, ನೀರಿನ ಬಾಟಲಿ, ಊಟ, ಯಾರ ಪಕ್ಕ ಯಾರು ಕೂರಬಾರದು ಎಂಬ ಪಟ್ಟಿ, ಎಲ್ಲ ಅವಳದು. ಇಬ್ಬರೂ ಪ್ರಾರ್ಥನೆಗೆ ಕೊಂಕಣಿ, ದಾನಿಗಳಿಗೆ ಇಂಗ್ಲಿಷ್, ಬೈಗುಳಕ್ಕೆ ಕನ್ನಡ ಎಂದು ಭಾಷೆಗಳನ್ನು ಹಂಚಿಟ್ಟುಕೊಂಡಿದ್ದರು. ಮಾತುಕತೆ ಶುರುವಾದ ಈ ಹನ್ನೊಂದು ದಿನ ಕನ್ನಡವೇ ಜಾಸ್ತಿ ಓಡಿತ್ತು. ನಿಯೋಗದವರಿಗೆ ತಿಳಿಯದ ಹಾಗೆ ಉತ್ತರದವರಿಗೆ ‘ಬಡಗು’, ದಕ್ಷಿಣದವರಿಗೆ ‘ತೆಂಕು’ ಎಂದು ಯಕ್ಷಗಾನದ ಎರಡು ತಿಟ್ಟಿನ ಹೆಸರಿಟ್ಟವಳು ಡೆಬೊರಾ. ಕುಣಿತ ಬೇರೆ, ಪ್ರಸಂಗ ಒಂದೇ ಎಂಬುದು ಅವಳ ವಿವರಣೆ.

ಈ ಕಚೇರಿಗೆ ದುಡ್ಡು ಕೊಡುತ್ತಿದ್ದದ್ದು ಯುರೋಪಿನ ಒಂದು ದತ್ತಿ ಸಂಸ್ಥೆ. ಅವರು ಈ ಸಲ ಮುಲಾಜಿಲ್ಲದೆ ಬರೆದಿದ್ದರು: ಶನಿವಾರ ಸಂಜೆ ಆರು ಗಂಟೆಯೊಳಗೆ ಎರಡೂ ಕಡೆಯವರು ಒಪ್ಪಿದ ಒಂದು ಕಾಗದ ಕೈ ಸೇರಬೇಕು, ಇಲ್ಲವಾದರೆ ತಿಂಗಳ ಕೊನೆಗೆ ಕಚೇರಿ ಮುಚ್ಚುತ್ತದೆ. ಕಚೇರಿ ಮುಚ್ಚಿದರೆ ಡೆಬೊರಾಳ ಕೆಲಸದ ಪಾಸ್ ರದ್ದು. ಪಾಸ್ ರದ್ದಾದರೆ ಕಿನ್ನಿಗೋಳಿ. ಕಿನ್ನಿಗೋಳಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಏನೂ ಇಲ್ಲದಿರುವುದೇ ಅದರ ತೊಂದರೆ ಎಂದು ಅವಳ ಅಭಿಪ್ರಾಯ. ಇಲ್ಲಿ ಸುಬಾಂಗ್ ಜಯಾದಲ್ಲಿ ಅವಳಿಗೊಂದು ಬಾಡಿಗೆ ಕೋಣೆಯಿತ್ತು, ಅದರ ಕೀಲಿಕೈ ಅವಳ ಹತ್ತಿರವಿತ್ತು, ತಡವಾಗಿ ಬಂದರೆ ಯಾಕೆ ಎಂದು ಕೇಳುವವರು ಯಾರೂ ಇರಲಿಲ್ಲ. ಅದು ಅವಳಿಗೆ ಬೇಕಿತ್ತು. ಲುವೆಯಾದ ಶಾಂತಿಯೂ ಬೇಕಿತ್ತು, ಆದರೆ ಎರಡನೇ ಸ್ಥಾನದಲ್ಲಿ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನ್ನ ಹತ್ತಿರ ಮುಚ್ಚಿಟ್ಟೂ ಇರಲಿಲ್ಲ.

ಬಡಗಿನ ಮುಖ್ಯಸ್ಥೆ ಓಲೀಟಾ, ಎಪ್ಪತ್ತನಾಲ್ಕು ವರ್ಷದ ನಿವೃತ್ತ ಹೆಡ್‌ಮಿಸ್ಟ್ರೆಸ್. ತೆಂಕಿನ ಮುಖ್ಯಸ್ಥ ಕಪ್ತಾನ ವೆಮೋ, ಅದೇ ಹಡಗನ್ನು ಮೂವತ್ತು ವರ್ಷ ಓಡಿಸಿದವನು. ಇಬ್ಬರೂ ತಮ್ಮ ತಮ್ಮ ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡೇ ಬಂದಿದ್ದರು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೆಗೆದು ತಟ್ಟೆಗೆ ಹಾಕಿ ಎಂದಾಗ, ಅವಳು ಹಾಕಲಿ ಆಮೇಲೆ ನಾನು ಎಂದು ವೆಮೋ ಸಾಲು ನಿಲ್ಲಿಸಿದ್ದನಂತೆ. ಅದೇ ಅವರ ಕ್ರಮ. ಯಾವುದನ್ನೂ ಮೊದಲು ಮಾಡುವುದಿಲ್ಲ. ಮೊದಲು ಮಾಡಿದವರು ಸೋತರು. ಹೀಗಾಗಿ ಬಾಗಿಲೊಳಗೆ ಹೋಗುವುದಕ್ಕೂ, ಮೈಕು ಹಿಡಿಯುವುದಕ್ಕೂ ಲಿಗೋರಿ ಸರ್ ಒಂದೊಂದು ‘ಕ್ರಮಪತ್ರ’ ಬರೆಸಿ ಇಬ್ಬರಿಂದಲೂ ಸಹಿ ಹಾಕಿಸುತ್ತಿದ್ದರು. ಹನ್ನೊಂದು ದಿನದಲ್ಲಿ ಇಪ್ಪತ್ತಮೂರು ಕ್ರಮಪತ್ರಗಳಾಗಿದ್ದವು. ಹಡಗಿನ ಬಗ್ಗೆ ಒಂದೂ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಹೋಟೆಲಿನ ಬಫೆಯಲ್ಲಿ ಎಲ್ಲ ಕೆಟ್ಟಿತು. ಮೇಜಿನ ಒಂದು ತುದಿಯಲ್ಲಿ ಬಡಗಿನ ಏಳು ಜನ, ಇನ್ನೊಂದು ತುದಿಯಲ್ಲಿ ತೆಂಕಿನ ಆರು ಜನ, ಎಲ್ಲರ ಕೈಯಲ್ಲೂ ಖಾಲಿ ತಟ್ಟೆ. ಬಫೆಗೆ ಕ್ರಮಪತ್ರ ಬರೆಯಲು ಡೆಬೊರಾ ಮರೆತಿದ್ದಳು. ನಲವತ್ತು ನಿಮಿಷ ಯಾರೂ ಚಮಚ ಮುಟ್ಟಲಿಲ್ಲ. ಫ್ರೈಡ್ ರೈಸ್ ಒಣಗಿ ಕಲ್ಲಾಯಿತು. ಆಮೇಲೆ ಯಾರೋ ತಟ್ಟೆ ಎಸೆದರು, ಯಾರೆಂಬುದರ ಬಗ್ಗೆ ಎರಡು ವರದಿಗಳಿವೆ. ನಾಳೆ ಹಾಲ್ ಖಾಲಿ ಇಲ್ಲ ಎಂದು ಹೋಟೆಲಿನವರು ನಗುನಗುತ್ತ ಹೇಳಿದರು.

ಹಾಗಾಗಿ ಶನಿವಾರಕ್ಕೆ ಸಿಕ್ಕಿದ್ದು ಟಯರ್ ಅಂಗಡಿಯ ಮೇಲಿನ ಒಂದು ಸಭಾಂಗಣ. ಕಿಟಕಿಯಾಚೆ ಎಲ್‌ಆರ್‌ಟಿ ರೈಲು, ಕೆಳಗೆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನ ರೊಟ್ಟಿ ಬಡಿಯುವ ಸದ್ದು. ಎರಡು ಶೌಚಾಲಯ, ಒಂದರ ಬಾಗಿಲಿಗೆ ಕೆಟ್ಟಿದೆ ಎಂಬ ‘ರೊಸಾಕ್’ ಚೀಟಿ. ಮೇಜುಗಳೇ ಇರಲಿಲ್ಲ, ಚಾಪೆಗಳಿದ್ದವು. ಚಾಪೆ ನೋಡಿದಾಗಲೇ ಡೆಬೊರಾಳಿಗೆ ಹೊನ್ನಮ್ಮ ನೆನಪಾದದ್ದು.

ಹೊನ್ನಮ್ಮ ಗದಗಿನವಳು. ಗಂಡ ಸದಾಶಿವನ ಕಾರ್ಖಾನೆ ಕೆಲಸದ ಬೆನ್ನಿಗೆ ಇಲ್ಲಿಗೆ ಬಂದವಳು, ಈಗ ಈ ಕಡೆಯ ಕನ್ನಡದವರ ನಾಮಕರಣ, ಸೀಮಂತ, ಹಬ್ಬದೂಟವೆಲ್ಲ ಅವಳ ಕೈಯದೇ. ಫೋನಿನಲ್ಲಿ ಡೆಬೊರಾ ಸಮಸ್ಯೆ ಹೇಳಿದಳು. ಯಾರೂ ಮೊದಲು ಬಡಿಸಿಕೊಳ್ಳಬಾರದು, ಯಾರೂ ಮೊದಲು ತಿನ್ನಬಾರದು, ಯಾರೂ ತಲೆಯ ಕಡೆ ಕೂರಬಾರದು. ಹೊನ್ನಮ್ಮನಿಗೆ ಇದರಲ್ಲಿ ಸಮಸ್ಯೆಯೇ ಕಾಣಲಿಲ್ಲ.

“ಪಂಕ್ತಿ ಹಾಕವಾ. ಎದರಾ ಬದರಾ ಎರಡು ಸಾಲು. ಒಂದಕ್ಕ ನಾ ಬಡಸ್ತೀನಿ, ಒಂದಕ್ಕ ನಮ್ಮನಿಯವರು. ಎಷ್ಟು ಮಂದಿ?”

“ಹದಿಮೂರು.”

“ಹದಿಮೂರಕ್ಕ ಯಾರರ ಪಂಕ್ತಿ ಹಾಕ್ತಾರೇನು? ಸಮ ಆಗಬೇಕು. ನೀನೂ ಕುಂದರು.”

ಡೆಬೊರಾ ನಿಯಮಗಳನ್ನು ಕೇಳಿ ಕೇಳಿ ಬರೆದುಕೊಂಡಳು. ಅವಳು ಕ್ರೈಸ್ತ ಮನೆಯವಳು, ಪಂಕ್ತಿಯನ್ನು ಗೆಳತಿಯರ ಮದುವೆಗಳಲ್ಲಿ ಕಂಡವಳೇ ಹೊರತು ಅದರ ಒಳಗುಟ್ಟು ತಿಳಿದವಳಲ್ಲ. ಹೀಗಾಗಿ ಹೊನ್ನಮ್ಮ ಹೇಳಿದ್ದನ್ನೆಲ್ಲ ಒಂದು ಅಕ್ಷರ ಬಿಡದೆ ಇಂಗ್ಲಿಷಿಗೆ ತಂದು, ಇಪ್ಪತ್ತನಾಲ್ಕನೇ ಕ್ರಮಪತ್ರವೆಂದು ಟೈಪು ಮಾಡಿದಳು. ಎಲ್ಲರಿಗೂ ಒಟ್ಟಿಗೆ ಬಡಿಸುವುದು. ಎಲ್ಲರೂ ಒಟ್ಟಿಗೆ ತುತ್ತು ಎತ್ತುವುದು. ಬಲಗೈಯಲ್ಲಿ ಉಣ್ಣುವುದು. ಎಲೆಯ ಮೇಲೆ ಏನೂ ಬಿಡದಿರುವುದು. ಐದನೆಯದು: ಪಂಕ್ತಿಯಲ್ಲಿ ಒಬ್ಬರ ಊಟ ಬಾಕಿ ಇದ್ದರೂ ಇನ್ನೊಬ್ಬರು ಏಳುವಂತಿಲ್ಲ, ನಡುವೆ ಎದ್ದವರು ಪಂಕ್ತಿಗೇ ಅವಮಾನ ಮಾಡಿದಂತೆ.

ಶನಿವಾರ ಹನ್ನೆರಡೂವರೆಗೆ ಓಲೀಟಾ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದಳು. ವೆಮೋ ಮೂರು ಸಲ ಓದಿದ. ಇಬ್ಬರೂ ತಲೆದೂಗಿ ಸಹಿ ಹಾಕಿದರು. ಇದು ತುಂಬ ನಾಗರಿಕವಾದ ದೇಶ ಎಂದು ಓಲೀಟಾ ಡೆಬೊರಾಳಿಗೆ ಹೇಳಿದಳು. ಯಾವ ದೇಶ ಎಂದು ಡೆಬೊರಾ ಕೇಳಲಿಲ್ಲ.

ಒಂದು ಗಂಟೆಗೆ ಎಲೆ ಹಾಕಿದರು. ಏಳು ಎಲೆ ಈ ಕಡೆ, ಏಳು ಎಲೆ ಆ ಕಡೆ. ತೆಂಕಿನ ಸಾಲಿನಲ್ಲಿ ಏಳನೆಯವಳಾಗಿ ಡೆಬೊರಾ, ಕಪ್ತಾನನ ಪಕ್ಕಕ್ಕೆ. ಕಪ್ತಾನನ ನೇರ ಎದುರಿಗೆ ಓಲೀಟಾ. ಹೊನ್ನಮ್ಮ ಮತ್ತು ಸದಾಶಿವ ಎರಡು ತುದಿಯಿಂದ ಉಪ್ಪಿನ ಬಟ್ಟಲು ಹಿಡಿದು ಒಬ್ಬರನ್ನೊಬ್ಬರು ನೋಡಿಕೊಂಡು ಒಂದೇ ಹೆಜ್ಜೆಯಲ್ಲಿ ಹೊರಟರು. ಹನ್ನೊಂದು ದಿನದಲ್ಲಿ ಮೊದಲ ಬಾರಿಗೆ ಯಾರಿಗೂ ಆಕ್ಷೇಪಣೆ ಇರಲಿಲ್ಲ. ಕೋಸಂಬರಿ ಬಂತು, ಎಣ್ಣೆಗಾಯಿ ಬಂತು, ಚಿತ್ರಾನ್ನ, ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ, ಅನ್ನದ ಮೇಲೆ ಕಟ್ಟಿನ ಸಾರು. ಎಲ್ಲರೂ ಒಟ್ಟಿಗೆ ತುತ್ತು ಎತ್ತಿದರು. ಬಡಗಿನ ಒಬ್ಬ ಮೀನುಗಾರ ಎಣ್ಣೆಗಾಯಿ ಎರಡನೇ ಸಲ ಹಾಕಿಸಿಕೊಂಡು, ಎದುರಿನ ತೆಂಕಿನವನಿಗೆ ಇದು ಒಳ್ಳೆಯದಿದೆ ಎಂದು ಕಣ್ಣಲ್ಲೇ ಹೇಳಿದ. ಮೂಲೆಯಲ್ಲಿ ನಿಂತು, ಸಕ್ಕರೆ ಕಾಯಿಲೆಯಾದ್ದರಿಂದ ತಮ್ಮ ಡಬ್ಬಿಯ ಚಪಾತಿ ತಿನ್ನುತ್ತಿದ್ದ ಲಿಗೋರಿ ಸರ್ ಡೆಬೊರಾಳ ಕಡೆ ಹೆಬ್ಬೆರಳೆತ್ತಿ ತೋರಿಸಿದರು. ಡೆಬೊರಾ ಖುಷಿಯಲ್ಲಿ ಮೂರು ಲೋಟ ಮಜ್ಜಿಗೆ ಕುಡಿದಳು.

ಎರಡು ಗಂಟೆಗೆ ಎಲ್ಲರ ಎಲೆಯೂ ಖಾಲಿಯಾಯಿತು, ಎರಡರ ಹೊರತು. ಓಲೀಟಾಳ ಎಲೆಯ ಮೇಲೆ ಎರಡು ಬೆರಳಗಲದ ಹೋಳಿಗೆಯ ಚೂರು ಉಳಿದಿತ್ತು. ವೆಮೋನ ಎಲೆಯ ಮೇಲೂ ಅಷ್ಟೇ ಅಗಲದ ಒಂದು ಚೂರು. ಓಲೀಟಾ ಬಿಟ್ಟದ್ದನ್ನು ನೋಡಿ ವೆಮೋ ಬಿಟ್ಟನೋ, ವೆಮೋ ಬಿಟ್ಟದ್ದನ್ನು ನೋಡಿ ಓಲೀಟಾ ಬಿಟ್ಟಳೋ, ಇದರ ಬಗ್ಗೆಯೂ ಎರಡು ವರದಿಗಳಿವೆ. ಡೆಬೊರಾ ಸ್ವಲ್ಪ ಹೊತ್ತು ಕಾದಳು. ಆಮೇಲೆ ಅವಳಿಗೆ ಅರ್ಥವಾಯಿತು. ಮೊದಲು ಮುಗಿಸಿದವರು ಕಾಯುವವರಾಗುತ್ತಾರೆ, ಕೊನೆಗೆ ಮುಗಿಸಿದವರು ಕಾಯಿಸಿದವರಾಗುತ್ತಾರೆ. ಕಾಯುವವರು ಸೋತರು. ಎದ್ದು ಹೋದರೆ ಅವಮಾನ, ಅದೂ ಸಹಿ ಹಾಕಿದ ಅವಮಾನ.

ಎರಡೂವರೆ ಆಯಿತು. ಲಿಗೋರಿ ಸರ್ ಅವಳ ಹಿಂದೆ ಬಂದು ಬಗ್ಗಿದರು.

“ಎಂತ ಬರೆದದ್ದು ಮಾರಾಯ್ತಿ ನೀನು? ಮೊದಲು ಎದ್ದವರಿಗೆ ಅವಮಾನ ಅಂತ? ಇವರಿಗೆ? ಲಿಖಿತದಲ್ಲಿ?”

“ಹೊನ್ನಮ್ಮ ಹೇಳಿದ್ದು ಸರ್.”

“ಹೊನ್ನಮ್ಮ ಹೇಳಿದ್ದು ಗದಗಿನವರಿಗೆ.”

ಹೊನ್ನಮ್ಮನಿಗೆ ಇದ್ಯಾವುದರ ಸಂಬಂಧವೂ ಇರಲಿಲ್ಲ. ಅವಳಿಗೆ ಕಾಣುತ್ತಿದ್ದದ್ದು ಎರಡು ಎಲೆಯ ಮೇಲೆ ಉಳಿದ ಅವಳ ಹೋಳಿಗೆ. ಸಪ್ಪಗಾಯಿತೇನೋ ಎಂದು ತುಪ್ಪ ತಂದು ಹಾಕಿದಳು. ಗಂಟಲಿಗೆ ಒಣಗಿತೇನೋ ಎಂದು ಎಲ್ಲರ ಲೋಟಕ್ಕೂ ಮತ್ತೆ ಮಜ್ಜಿಗೆ ಸುರಿದಳು. ಬೇಡ ಎಂದರೆ ಅವಳಿಗೆ ತಿಳಿಯುವ ಭಾಷೆ ನಿಯೋಗದವರಿಗೆ ಗೊತ್ತಿರಲಿಲ್ಲ. ಎಲೆಯ ಮೇಲೆ ಅನ್ನ ಬಿಟ್ಟವರನ್ನು ತಾನು ಈ ತನಕ ಏಳಲು ಬಿಟ್ಟಿಲ್ಲ ಎಂದೂ ಈ ಮುದುಕಿಗೆ ತನ್ನ ಹೋಳಿಗೆಯಲ್ಲಿ ಏನು ಕೊರತೆ ಕಂಡಿತು ಎಂದೂ ಗಂಡನ ಹತ್ತಿರ ಗೊಣಗಿದಳು. ಸದಾಶಿವ ಎಲ್ಲದಕ್ಕೂ ಹೂಂ ಎಂದ. ಅವನು ಮೂವತ್ತು ವರ್ಷದಿಂದ ಆ ಪಂಕ್ತಿಯಲ್ಲಿ ಕೂತವನು.

ಮೂರು ಗಂಟೆಗೆ ಎಲೆಗಳ ಅಂಚು ಸುರುಟಿದವು. ಕೈಗಳ ಮೇಲೆ ಸಾರು ಒಣಗಿ ಬಿರುಕು ಬಿಟ್ಟಿತು. ಬಡಗಿನ ಕಡೆಯ ಕೊನೆಯಲ್ಲಿ ಇಬ್ಬರು ಕುಳಿತಲ್ಲೇ ನಿದ್ದೆ ಹೋದರು, ಬಲಗೈ ಮಾತ್ರ ಎತ್ತಿ ಹಿಡಿದೇ ಇದ್ದರು. ಮೂರೂವರೆಗೆ ಡೆಬೊರಾಳಿಗೆ ಬೇರೆ ಯಾವ ವಿಚಾರವೂ ತಲೆಗೆ ಹೋಗದಂತಾಯಿತು. ಮೂರು ಲೋಟ ಮೊದಲಿನದು, ಒಂದು ಹೊನ್ನಮ್ಮನ ಬಲವಂತದ್ದು. ಅವಳು ಕಾಲು ಬದಲಿಸಿ ಕುಳಿತಳು. ಪಕ್ಕದಲ್ಲಿ ಕಪ್ತಾನನೂ ಕಾಲು ಬದಲಿಸಿದ. ಅವಳು ಓರೆಗಣ್ಣಲ್ಲಿ ಎದುರು ಸಾಲು ನೋಡಿದಳು. ಓಲೀಟಾ ಬೆನ್ನು ನೆಟ್ಟಗೆ ಮಾಡಿ, ತುಟಿ ಬಿಗಿದು, ಗೋಡೆಯ ಮೇಲಿನ ಒಂದು ಚುಕ್ಕಿಯನ್ನೇ ನೋಡುತ್ತಿದ್ದಳು. ಆ ನೋಟ ಯಾವುದರದ್ದೆಂದು ಡೆಬೊರಾಳಿಗೆ ತಕ್ಷಣ ಗೊತ್ತಾಯಿತು, ಯಾಕೆಂದರೆ ಅವಳೂ ತನ್ನ ಎದುರಿನ ಗೋಡೆಯಲ್ಲಿ ಅಂಥದೇ ಒಂದು ಚುಕ್ಕಿಯನ್ನು ನೋಡುತ್ತಿದ್ದಳು. ಹದಿನಾಲ್ಕು ಜನ, ಎರಡೂವರೆ ಗಂಟೆ, ಒಂದು ಹಂಡೆ ಮಜ್ಜಿಗೆ. ನಿದ್ದೆ ಹೋದವರಿಬ್ಬರನ್ನು ಬಿಟ್ಟರೆ ಸಭಾಂಗಣದಲ್ಲಿ ಎಲ್ಲರ ಕಾರ್ಯಸೂಚಿಯೂ ಒಂದೇ ಆಗಿತ್ತು.

ಲಿಗೋರಿ ಸರ್ ಮತ್ತೆ ಬಂದರು. ಸಾಕು, ಹೊನ್ನಮ್ಮನಿಗೆ ಹೇಳಿ ಎಲೆ ಎತ್ತಿಸಿಬಿಡು, ಬಡಿಸಿದವಳೇ ಎಲೆ ಎತ್ತಿದರೆ ಪಂಕ್ತಿ ಮುಗಿದಂತೆ, ಯಾರಿಗೂ ಸೋಲಿಲ್ಲ, ಇದು ಸಂಧಾನ ಅಲ್ಲ ಒತ್ತೆಯಾಳು ಪ್ರಕರಣ, ಪತ್ರಿಕೆಯವರಿಗೆ ಗೊತ್ತಾದರೆ ಕಚೇರಿ ಇವತ್ತೇ ಮುಚ್ಚಬೇಕು ಎಂದು ಕಿವಿಯಲ್ಲಿ ಹೇಳಿದರು. ಅವರು ಹೇಳುವುದು ಸರಿಯಾಗಿಯೇ ಇತ್ತು. ಒಂದು ಮಾತು ಹೇಳಿದರೆ ಎಲ್ಲರೂ ಬಿಡುಗಡೆಯಾಗುತ್ತಿದ್ದರು, ಅವಳೂ ಸೇರಿ. ಆಮೇಲೆ ಕೈ ತೊಳೆಯುವುದು, ವ್ಯಾನು, ವಿಮಾನ ನಿಲ್ದಾಣ, ಎರಡು ಬೀಗ ಹಾಗೆಯೇ ಉಳಿದು, ಕೊರಳಲ್ಲಿ ಕೀಲಿಕೈ ನೇತಾಡಿಸಿಕೊಂಡು ವಾಪಸು. ಆಮೇಲೆ ಕಿನ್ನಿಗೋಳಿ. ಡೆಬೊರಾ ಹೊಟ್ಟೆ ಬಿಗಿ ಹಿಡಿದಳು.

“ಬೇಡ ಸರ್. ಇವರು ಹನ್ನೊಂದು ದಿನದಲ್ಲಿ ಒಂದೇ ಕೋಣೆಯಲ್ಲಿ ಇಷ್ಟು ಹೊತ್ತು ಕೂತದ್ದು ಇದೇ ಮೊದಲು.”

“ಕೂತದ್ದಲ್ಲ ಅದು. ಸಿಕ್ಕಿಹಾಕಿಕೊಂಡದ್ದು.”

“ಎಂತದೋ ಒಂದು. ನೀವು ಆ ಖಾಲಿ ಕಾಗದ ಹತ್ತಿರ ಇಟ್ಕೊಳ್ಳಿ.”

ನಾಲ್ಕು ಗಂಟೆಗೆ ಮೊದಲ ಮಾತು ಬಂತು. ಓಲೀಟಾ ಗೋಡೆಯ ಚುಕ್ಕಿಯಿಂದ ಕಣ್ಣು ತೆಗೆಯದೆ ಕೇಳಿದಳು.

“ವೆಮೋ, ನಿನಗೆ ಮಂಡಿಯೋ, ಮತ್ತೊಂದೋ?”

“ಎರಡೂ,” ಎಂದ ಕಪ್ತಾನ.

“ಶಾಲೆಯಲ್ಲಿ ಹೀಗಾದರೆ ನೀನು ಕೈಯೆತ್ತಿ ಕೇಳುತ್ತಿದ್ದೆ.”

“ಶಾಲೆಯಲ್ಲಿ ನೀವು ಒಂದು ದಿನವೂ ಬಿಟ್ಟಿಲ್ಲ ಮೇಡಂ.”

ಡೆಬೊರಾ ತಿರುಗಿ ನೋಡಿದಳು. ಐದನೇ ತರಗತಿಯಲ್ಲಿ ಇವಳೇ ಇವನಿಗೆ ಟೀಚರ್ ಆಗಿದ್ದಳು ಎಂಬ ಸಂಗತಿ ಹನ್ನೊಂದು ದಿನದ ದಾಖಲೆಯಲ್ಲಿ ಎಲ್ಲೂ ಇರಲಿಲ್ಲ. ನಲವತ್ತೊಂದು ಸಾವಿರ ಜನರ ದೇಶದಲ್ಲಿ ಇದನ್ನು ಯಾರೂ ಸುದ್ದಿ ಎಂದು ಎಣಿಸಿರಲಿಲ್ಲ. ತೆಂಕಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಕ್ಕವನು ಹೊಟ್ಟೆ ಅಲುಗಿ ಅಯ್ಯೋ ಎಂದ. ಅದನ್ನು ಕೇಳಿ ಬಡಗಿನ ಮೀನುಗಾರ ನಕ್ಕ, ಅವನಿಗೂ ಅದೇ ಗತಿಯಾಯಿತು. ಒಂದೇ ನಿಮಿಷದಲ್ಲಿ ಎರಡೂ ಸಾಲಿನವರು ನಗುತ್ತ, ನಗಬೇಡಿ ಎಂದು ಒಬ್ಬರನ್ನೊಬ್ಬರು ಬೇಡಿಕೊಳ್ಳುತ್ತ, ಕಣ್ಣಲ್ಲಿ ನೀರು ತಂದುಕೊಂಡು, ಎಂಜಲು ಕೈಯನ್ನು ಎತ್ತಿ ಹಿಡಿದುಕೊಂಡು ಅತ್ತಿತ್ತ ಓಲಾಡತೊಡಗಿದರು. ಇದು ಸ್ನೇಹವಲ್ಲ, ಮೂತ್ರಕೋಶ ಎಂದು ಡೆಬೊರಾಳಿಗೆ ಸ್ಪಷ್ಟವಿತ್ತು. ಆದರೆ ಅವಳೂ ನಗುತ್ತಿದ್ದಳು, ಮತ್ತು ಅದು ಅಪಾಯಕಾರಿಯಾಗಿತ್ತು.

ನಗು ಇಳಿದ ಮೇಲೆ ಓಲೀಟಾ ಒಂದು ಸಲಹೆ ಇಟ್ಟಳು. ಮೂರು ಎಣಿಸೋಣ, ಮೂರು ಎಂದಾಗ ಇಬ್ಬರೂ ಒಟ್ಟಿಗೆ ತುತ್ತು ನುಂಗಿ ಒಟ್ಟಿಗೆ ಏಳೋಣ. ವೆಮೋ ಆಗದು ಎಂದು ತಲೆಯಾಡಿಸಿದ. ಹೋದ ವರ್ಷ ಧಕ್ಕೆಯಲ್ಲಿ ಬೀಗ ತೆಗೆಯುವಾಗಲೂ ಹೀಗೇ ಮೂರು ಎಣಿಸಿದ್ದು, ಇಬ್ಬರೂ ಕೀಲಿಕೈ ತಮ್ಮ ತಮ್ಮ ಬೀಗದೊಳಗೆ ಹಾಕಿ, ಮೂರು ಎಂದಾಗ ಇಬ್ಬರೂ ತಿರುಗಿಸದೆ ನಿಂತದ್ದು, ಮರೆತುಹೋಯಿತೇ ಎಂದು ಕೇಳಿದ. ಮರೆತಿಲ್ಲ, ನೀನು ತಿರುಗಿಸಲಿಲ್ಲವಲ್ಲ ಎಂದು ನಾನು ತಿರುಗಿಸಲಿಲ್ಲ ಎಂದಳು ಓಲೀಟಾ. ನಾನೂ ಅದಕ್ಕೇ ಎಂದ ವೆಮೋ. ಕೆಳಗೆ ಟಯರಿನ ಗಾಳಿ ಬಿಡುವ ಸದ್ದು ಸುಯ್ಯೆಂದು ಕೇಳಿತು. ಎಚ್ಚರವಿದ್ದ ಹನ್ನೆರಡು ಜನರೂ ಕಣ್ಣು ಮುಚ್ಚಿಕೊಂಡರು.

ಹೊನ್ನಮ್ಮ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಳು.

“ಏನ್ ಅಂತಾರವಾ ಇವರು?”

ಯಾರು ಮೊದಲು ಮುಗಿಸಬೇಕು ಅಂತ ಜಗಳ ಎಂದು ಡೆಬೊರಾ ಹಲ್ಲು ಕಚ್ಚಿ ಹೇಳಿದಳು.

“ಇದಕ್ಕ ಇಷ್ಟ್ಯಾಕ? ತಮ್ಮ ಎಲಿ ತಾವ ಎತ್ತಬಾರದು, ಬೀಗರ ಎಲಿ ಬೀಗರು ಎತ್ತಬೇಕು. ಆಕಿ ಎಲಿ ಅಂವ ಎತ್ತಲಿ, ಅವನ ಎಲಿ ಆಕಿ ಎತ್ತಲಿ. ಎಲಿನ ಇಲ್ಲಂದ್ರ ಊಟ ಎಲ್ಲಿ ಉಳೀತು? ನನ್ನ ಹೋಳಿಗಿ ಹಾಳಾತು, ಹೋಗ್ಲಿ.”

ಡೆಬೊರಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ನಿಮ್ಮ ಎಲೆಯನ್ನು ನೀವು ಮುಟ್ಟಬೇಕಿಲ್ಲ, ಅವರದನ್ನು ನೀವು ಎತ್ತಿ, ನಿಮ್ಮದನ್ನು ಅವರು ಎತ್ತುತ್ತಾರೆ. ಅವರು ಎತ್ತದಿದ್ದರೂ ನಿಮಗೆ ನಷ್ಟವಿಲ್ಲ, ನೀವು ಎತ್ತಿದ್ದು ಅವರ ಊಟವನ್ನು. ವೆಮೋ ಮೊದಲು ತಲೆದೂಗಿದ, ಇದರಲ್ಲಿ ಯಾರು ಮೊದಲು ಎಂಬ ಪ್ರಶ್ನೆಯೇ ಇಲ್ಲ, ಯಾರು ಮೊದಲು ಎತ್ತಿದರೂ ಗೆದ್ದವರೇ ಎಂದ. ಓಲೀಟಾಳೂ ತಲೆದೂಗಿದಳು. ಇಬ್ಬರೂ ಎದುರಿನ ಎಲೆಗೆ ಕೈ ಚಾಚಿದರು. ಓಲೀಟಾಳ ಎಲೆಯ ಅಂಚು ಮುಟ್ಟಿದ ವೆಮೋನ ಕೈ ಅಲ್ಲೇ ನಿಂತಿತು. ಬಗ್ಗಿದ್ದರಿಂದ ಅವನ ಕೊರಳಿನ ಕೀಲಿಕೈ ಅಂಗಿಯಿಂದ ಹೊರಗೆ ಜಾರಿ ದಾರದಲ್ಲಿ ತೂಗಾಡುತ್ತಿತ್ತು. ಅವನು ಅದನ್ನು ನೋಡಿದ. ಓಲೀಟಾಳೂ ಅದನ್ನೇ ನೋಡುತ್ತಿದ್ದಳು. ಐದನೇ ತರಗತಿಯ ಹುಡುಗನೊಬ್ಬ ಲೆಕ್ಕಕ್ಕೆ ಉತ್ತರ ಕಂಡುಹಿಡಿಯುವುದನ್ನು ಕಾಯುವ ಮುಖ ಅವಳದಾಗಿತ್ತು.

“ಮೇಡಂ,” ಎಂದ ಅವನು ನಿಧಾನವಾಗಿ, “ನಿಮ್ಮ ಬೀಗದ ಕೈ ನನ್ನ ಹತ್ತಿರ ಇದ್ದರೆ, ನಾನೇ ನಿಮ್ಮ ಬೀಗ ತೆಗೆಯುತ್ತೇನೆ.”

“ತೆಗೆಯುತ್ತೀಯಾ?”

“ಒಂದು ಸೆಕೆಂಡ್ ಕಾಯುವುದಿಲ್ಲ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ.”

“ನಿನ್ನದು ಕಂಡರೆ ನನಗೂ,” ಎಂದಳು ಓಲೀಟಾ.

ಇಲ್ಲಿ ಡೆಬೊರಾ ಮಾಡಿದ್ದು ಒಳ್ಳೆಯ ಕೆಲಸವೋ ಕೆಟ್ಟದ್ದೋ ಎಂದು ಲಿಗೋರಿ ಸರ್‌ಗೆ ಇವತ್ತಿಗೂ ಗೊತ್ತಿಲ್ಲ. ಅವಳು ತನ್ನ ಎಂಜಲು ಕೈಯನ್ನು ಎರಡು ಎಲೆಗಳ ನಡುವೆ ಅಡ್ಡ ಇಟ್ಟಳು. ಬರೆದ ಮೇಲೆ ಎತ್ತಿ ಎಂದಳು. ಎರಡೂ ಸಾಲಿನಿಂದ ಒಂದೇ ಸ್ವರದಲ್ಲಿ ನರಳಾಟ ಬಂತು. ಅವಳು ಕೈ ತೆಗೆಯಲಿಲ್ಲ. ಎದ್ದು ಕೈ ತೊಳೆದು ನೆಮ್ಮದಿಯಾದ ಮೇಲೆ ಇವರು ಏನನ್ನೂ ಬರೆಯುವವರಲ್ಲ ಎಂದು ಅವಳಿಗೆ ಇಪ್ಪತ್ತನಾಲ್ಕು ಕ್ರಮಪತ್ರದ ಅನುಭವದಿಂದ ಗೊತ್ತಿತ್ತು. ಲಿಗೋರಿ ಸರ್ ನೆಲದ ಮೇಲೆ ಮಂಡಿಯೂರಿ ಬರೆದರು. ಅವರ ಬದುಕಿನಲ್ಲೇ ಅಷ್ಟು ಬೇಗ, ಅಷ್ಟು ಚಿಕ್ಕದಾಗಿ ಯಾವ ಒಪ್ಪಂದವನ್ನೂ ಬರೆದಿರಲಿಲ್ಲ. ಇಂದು ಕೀಲಿಕೈ ಅದಲುಬದಲು. ಬುಧವಾರ ಧಕ್ಕೆಯಲ್ಲಿ ಒಬ್ಬರ ಬೀಗವನ್ನು ಇನ್ನೊಬ್ಬರು ತೆಗೆಯುವುದು. ಅದೇ ದಿನದಿಂದ ಹಡಗಿನಲ್ಲಿ ರೋಗಿಗಳಿಗೂ ಬಸುರಿಯರಿಗೂ ಮೊದಲ ಜಾಗ. ಈ ಕೊನೆಯ ಸಾಲು ಸೇರಿಸಲು ಹೇಳಿದ್ದು ವೆಮೋ. ಓಲೀಟಾ ಒಂದು ಸಲ ಕಣ್ಣು ಮುಚ್ಚಿ ತೆರೆದಳು. ರಾತ್ರಿ ಹಡಗು ಎಲ್ಲಿ ನಿಲ್ಲಬೇಕು? ಮುಂದೆ ಮಾತಾಡುವುದು. ಅದನ್ನು ಆ ಹೊತ್ತಿನಲ್ಲಿ ಎತ್ತಲು ಯಾವ ದೇಶಭಕ್ತನಿಗೂ ಶಕ್ತಿ ಇರಲಿಲ್ಲ.

ಇನ್ನು ಸಹಿ. ಬಲಗೈ ತುಂಬ ಒಣಗಿದ ಸಾರು, ತುಪ್ಪದ ಜಿಡ್ಡು, ಪೆನ್ನು ಹಿಡಿದರೆ ಜಾರುತ್ತದೆ. ಎಡಗೈಯಲ್ಲಿ ಹಾಕಿದ ಸಹಿ ತನ್ನದಲ್ಲ ಎಂದು ನಾಳೆ ಇವನು ಹೇಳುತ್ತಾನೆ ಎಂದಳು ಓಲೀಟಾ. ಇವಳೇ ಹೇಳುತ್ತಾಳೆ ಎಂದ ವೆಮೋ. ಕೈ ತೊಳೆಯಲು ನೀರು ತರಲು ಹೊರಟ ಸದಾಶಿವನನ್ನು ಹನ್ನೆರಡು ಜನರೂ ಬೇಡ ಎಂದು ತಡೆದರು. ನೀರಿನ ಸದ್ದು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

“ಹೆಬ್ಬೆಟ್ಟು ಒತ್ತಲಿ,” ಎಂದಳು ಹೊನ್ನಮ್ಮ, ಮತ್ತು ಕಟ್ಟಿನ ಸಾರಿನ ಸೌಟು ತಂದು ಇಬ್ಬರ ಹೆಬ್ಬೆರಳ ಮೇಲೂ ಒಂದೊಂದು ತೊಟ್ಟು ಬಿಟ್ಟಳು.

ನಲವತ್ತು ವರ್ಷ ಊರಿಗೆಲ್ಲ ಅಕ್ಷರ ಕಲಿಸಿದ ಹೆಡ್‌ಮಿಸ್ಟ್ರೆಸ್ ಹೆಬ್ಬೆಟ್ಟು ಒತ್ತಿದಳು. ಅವಳ ಶಿಷ್ಯ ಪಕ್ಕದಲ್ಲೇ ಒತ್ತಿದ. ಒಗ್ಗರಣೆಯ ಒಂದು ಸಾಸಿವೆ ಕಾಗದಕ್ಕೆ ಅಂಟಿಕೊಂಡಿತು. ಓಲೀಟಾ ಕೊರಳಿನ ದಾರ ತೆಗೆದು ಕೀಲಿಕೈಯನ್ನು ತನ್ನ ಎಲೆಯ ಮೇಲೆ, ಹೋಳಿಗೆಯ ಚೂರಿನ ಪಕ್ಕ ಹಾಕಿದಳು. ವೆಮೋನೂ ಹಾಕಿದ. ಯಾರದು ಮೊದಲು ಬಿತ್ತು ಎಂಬುದನ್ನು ಯಾರೂ ನೋಡಲಿಲ್ಲ, ಅಥವಾ ನೋಡಿದವರು ಹೇಳಲಿಲ್ಲ. ಡೆಬೊರಾ ಕೈ ತೆಗೆದಳು. ಇಬ್ಬರೂ ಎದುರಿನ ಎಲೆಯನ್ನು ಕೀಲಿಕೈ, ಹೋಳಿಗೆ, ತುಪ್ಪ ಎಲ್ಲ ಸಮೇತ ಮಡಚಿ ಎದೆಗೊತ್ತಿಕೊಂಡರು.

ಏಳುವುದು ಅಷ್ಟು ಸುಲಭವಾಗಿರಲಿಲ್ಲ. ನಾಲ್ಕು ಗಂಟೆ ಚಕ್ಕಳಮಕ್ಕಳ ಹಾಕಿದ ಕಾಲುಗಳು ಮಾತು ಕೇಳಲಿಲ್ಲ. ಬಡಗಿನವರು ತೆಂಕಿನವರ ಹೆಗಲು ಹಿಡಿದರು, ತೆಂಕಿನವರು ಬಡಗಿನವರ ಬೆಲ್ಟು ಹಿಡಿದರು, ಅದರಲ್ಲಿ ರಾಜಕೀಯವೇನೂ ಇರಲಿಲ್ಲ, ಹತ್ತಿರ ಸಿಕ್ಕಿದ್ದನ್ನು ಹಿಡಿದರು. ಎಚ್ಚರವಾದ ಇಬ್ಬರು ಏನಾಯಿತು ಎಂದು ಕೇಳುತ್ತಲೇ ಓಡಿದರು, ಓಡಿ ‘ರೊಸಾಕ್’ ಚೀಟಿಯ ಬಾಗಿಲನ್ನು ತಳ್ಳತೊಡಗಿದರು. ಉಳಿದ ಒಂದೇ ಬಾಗಿಲು ಎಡಕ್ಕಿತ್ತು. ಅದು ಎಡಕ್ಕೆಂದು ಸರಿಯಾಗಿ ಗೊತ್ತಿದ್ದವಳು ಡೆಬೊರಾ ಒಬ್ಬಳೇ, ಯಾಕೆಂದರೆ ಸಭಾಂಗಣ ನೋಡಿ ಬುಕ್ ಮಾಡಿದವಳು ಅವಳು. ಲಿಗೋರಿ ಸರ್ ಕೈಯಿಂದ ಕಾಗದ ಕಸಿದುಕೊಂಡು, ಎಪ್ಪತ್ತನಾಲ್ಕು ವರ್ಷದ ಹಿರಿಯರನ್ನು ಸುತ್ತು ಹಾಕಿ, ಕಪ್ತಾನನ ಮೊಣಕೈ ಕೆಳಗೆ ನುಸುಳಿ, ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಒಳಗಿನಿಂದಲೇ, ಬೇರೆಲ್ಲ ಮುಗಿದ ಮೇಲೆ, ಕಾಗದವನ್ನು ಬಾಗಿಲಿಗೆ ಒತ್ತಿ ಹಿಡಿದು ಫೋಟೋ ತೆಗೆದಳು. ಐದು ಗಂಟೆ ಮೂವತ್ತೆಂಟು ನಿಮಿಷ. ದತ್ತಿ ಸಂಸ್ಥೆಗೆ ಕಳಿಸಿದಳು. ಎರಡು ನಿಮಿಷದಲ್ಲಿ ಉತ್ತರ ಬಂತು: ತಲುಪಿದೆ, ಸ್ವೀಕರಿಸಿದ್ದೇವೆ, ಅಭಿನಂದನೆ, ಆದರೆ ಕೆಳಗಿರುವ ಎರಡು ಕಂದು ಕಲೆಗಳು ರಕ್ತವೇ?

ಅಲ್ಲ, ಬೇಳೆ ಎಂದು ಅವಳು ಬರೆದಳು. ಒಂದು ಸಾಸಿವೆಯೂ ಇದೆ.

ಆಮೇಲೆ ಗೋಡೆಗೆ ಒರಗಿ ಸುಬಾಂಗ್ ಜಯಾದ ತನ್ನ ಕೋಣೆಯ ಕೀಲಿಕೈ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿದಳು. ಇತ್ತು. ಅವಳಿಗೆ ಮತ್ತೆ ನಗು ಬಂತು, ಈ ಸಲ ಅಪಾಯವಿರಲಿಲ್ಲ. ಕೈಗೆ ಸೋಪು ಹಚ್ಚಿ ಅವಸರವಿಲ್ಲದೆ ತೊಳೆಯತೊಡಗಿದಳು.

ಹೊರಗೆ ನೀರಿನ ಸದ್ದು ಕೇಳಿಸಿರಬೇಕು. ಬಾಗಿಲ ಮೇಲೆ ಎರಡು ಮುಷ್ಟಿಗಳು ಒಟ್ಟಿಗೆ ಬಡಿದವು. ಒಂದು ಮುದುಕಿಯದು, ಒಂದು ಕಪ್ತಾನನದು, ಒಂದೇ ತಾಳದಲ್ಲಿ, ಯಾರು ಮೊದಲು ಎಂಬ ಲೆಕ್ಕವಿಲ್ಲದೆ. ಹತ್ತೊಂಬತ್ತು ತಿಂಗಳ ನಂತರ ಲುವೆಯಾದ ಎರಡು ದ್ವೀಪಗಳು ಕೂಡಿ ಕೈಗೊಂಡ ಮೊದಲ ಕ್ರಮ ಅದೇ.